ಬಿಸಿಲಿಗೆ ನಿಲ್ಲದ ಹಳದಿ

ನಮ್ಮ ಹಾಲ್‌ನ ಗೋಡೆಯ ಮೇಲೆ ಒಂದು ಚಿತ್ರವಿದೆ. ಮನೆಗೆ ಬಂದವರು ಚಹಾದ ಲೋಟ ಕೈಗೆ ಬರುವ ಮೊದಲೇ ಅದರ ಕಡೆ ಕತ್ತು ವಾಲಿಸಿ, ಇದು ಏನು ಅಂತ ಕೇಳುತ್ತಾರೆ. ಹೊಲ ಸುಟ್ಟದ್ದೋ, ಕೃಷ್ಣೆಗೆ ಮಹಾಪೂರ ಬಂದದ್ದೋ? ನೆಂಟರೊಬ್ಬರಂತೂ ಎದ್ದು ಹತ್ತಿರ ಹೋಗಿ, ತಲೆಕೆಳಗಾಗಿ ತೂಗುಹಾಕಿದ್ದೀರೇನೋ ನೋಡಿ ಅಂದರು. ಜೀವಮಾನವೆಲ್ಲ ಹುಡುಗಿಯರಿಗೆ ಚಿತ್ರಕಲೆ ಕಲಿಸಿದವಳು ನಾನು. ಈ ಪ್ರಶ್ನೆ ಕೇಳಿ ಕೇಳಿ ತಲೆ ಚಿಟ್ಟು ಹಿಡಿದುಹೋಗಿದೆ. ಏನೂ ಅಲ್ಲ, ಬರೀ ಬಣ್ಣ, ಚಹಾ ಆರುತ್ತದೆ ಕುಡಿಯಿರಿ ಅನ್ನುತ್ತೇನೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ನಮ್ಮ ಮನೆಯವರ ದೂರು. ಇರಲಿ. ಈಗ ನಿವೃತ್ತಿಯಾಗಿದೆ, ಮೊಣಕಾಲು ಹಿಡಿದಿವೆ, ಹೊತ್ತು ಹೋಗುವುದಿಲ್ಲ. ಆ ಬಣ್ಣದ ಕೆಳಗೆ ಏನಿದೆ ಎಂದು ಒಮ್ಮೆ ಹೇಳಿಬಿಡುತ್ತೇನೆ.

ಆಗ ನಾವು ಸಾಂಗ್ಲಿಯ ಹಳೆಯ ಪೇಟೆಯಲ್ಲಿ, ಪೇಢಿಯ ಹಿಂದಿನ ಮನೆಯಲ್ಲಿದ್ದೆವು. ಪೇಢಿ ಎಂದರೆ ನಮ್ಮವರ ವ್ಯಾಪಾರದ ಜಾಗ, ಗಾದಿ ಹಾಸಿ ಕುಳಿತು ಅರಿಷಿಣದ ವ್ಯವಹಾರ ಮಾಡುವ ಕೋಣೆ. ನನ್ನ ಶಾಲೆ ಮಿರಜದಲ್ಲಿ. ಬೆಳಿಗ್ಗೆ ರೊಟ್ಟಿ ಬಡಿದು, ಮಗನ ಡಬ್ಬಿ ಕಟ್ಟಿ, ಸಿಟಿ ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಜನರನ್ನು ತುರುಕಿಕೊಂಡು ಓಡುವ ರಿಕ್ಷಾ. ದಿನವಿಡೀ ಹೂಜಿ, ಬಾಳೆಹಣ್ಣು, ಮಡಚಿದ ಛತ್ರಿ. ಪರೀಕ್ಷೆಗೆ ಅವೇ ಬರುತ್ತವೆ, ಆದ್ದರಿಂದ ಅವನ್ನೇ ಬಿಡಿಸಬೇಕು. ಹೂಜಿಯ ಎರಡೂ ಮಗ್ಗುಲು ಒಂದೇ ಸಮ ಬರಬೇಕು, ನೆರಳು ಒಂದೇ ಕಡೆ ಬೀಳಬೇಕು. ಮಕ್ಕಳಿಗೆ ಮರಾಠಿಯಲ್ಲಿ ಗದರಿಸಿ ಗದರಿಸಿ ಸಂಜೆ ಮನೆಗೆ ಬಂದರೆ ಕನ್ನಡ ಮಾತಾಡುವುದಕ್ಕೂ ತ್ರಾಣ ಉಳಿದಿರುತ್ತಿರಲಿಲ್ಲ. ಮಗನೂ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲೇ ಉತ್ತರ ಕೊಡುತ್ತಿದ್ದ.

ನಮ್ಮ ಮನೆಯವರು ಮಾತು ಕಡಿಮೆಯ ಮನುಷ್ಯ. ಅರಿಷಿಣದ ಕೊಂಬು ಕೈಗೆ ಬಂದರೆ ಮಾತ್ರ ಅವರಿಗೆ ಜೀವ ಬರುತ್ತಿತ್ತು. ರೈತ ತಂದ ಮಾಲು ಹೊರಗೆ ಎಷ್ಟೇ ಹೊಳೆಯಲಿ, ಅವರು ನಂಬುತ್ತಿರಲಿಲ್ಲ. ಕೊಂಬನ್ನು ಎರಡು ತುಂಡು ಮಾಡಿ ಒಳಗಿನ ಬಣ್ಣ ನೋಡಬೇಕು, ಆಮೇಲೆ ದರದ ಮಾತು. ಒಳ್ಳೆಯ ಸ್ಯಾಂಪಲ್ಲುಗಳನ್ನು ತಗಡಿನ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದು ಇಡುತ್ತಿದ್ದರು. ಪೇಟೆಯ ಧೂಳಿಗೆ ಹೆದರಿ ಇರಬೇಕು ಎಂದು ನಾನು ತಿಳಿದಿದ್ದೆ. ಅವರ ಕೈಯಂತೂ ಸದಾ ಹಳದಿ. ಬಾಗಿಲ ಚೌಕಟ್ಟು, ನೀರಿನ ತಂಬಿಗೆ, ಲೈಟಿನ ಬಟನ್ನು, ಎಲ್ಲಿ ನೋಡಿದರೂ ಅವರ ಹೆಬ್ಬೆಟ್ಟು. ಪೇಢಿಯಿಂದ ಒಳಗೆ ಬಂದರೆ ಸಾಕು, ಮೊದಲ ಕೈ ತೊಳಿ, ಆಮ್ಯಾಲ ಏನರ ಮುಟ್ಟು ಎಂದು ಅತ್ತೆಯವರು ಕೂಗುತ್ತಿದ್ದರು. ಕಸಬೆ ಡಿಗ್ರಜ ಎಂಬ ಊರಿನ ದೊಡ್ಡ ಒಕ್ಕಲು ಮನೆತನದಿಂದ ಬಂದವರು ಅವರು. ಕಸ, ಕಲೆ, ಸೂತಕ, ಮೂರನ್ನೂ ಸಹಿಸುತ್ತಿರಲಿಲ್ಲ.

ಮಗ ಒಂದನೆಯ ತರಗತಿಗೆ ಹೋಗುತ್ತಿದ್ದ ವರ್ಷ ನನಗೆ ಎರಡನೆಯ ಹೆರಿಗೆ. ಮಿರಜದಲ್ಲಿ ದವಾಖಾನೆಗಳಿಗೆ ಬರವಿಲ್ಲ, ಎಲ್ಲೆಲ್ಲಿಂದಲೋ ಜನ ಹುಡುಕಿಕೊಂಡು ಬರುತ್ತಾರೆ. ನೋವು ಬಂದದ್ದು ಶಾಲೆಯಲ್ಲೇ, ಜೊತೆಯ ಶಿಕ್ಷಕಿಯರು ಅಲ್ಲಿಂದಲೇ ಕರೆದುಕೊಂಡು ಹೋದರು. ಹೊಟ್ಟೆ ಕೊಯ್ಯಬೇಕಾಯಿತು. ಡಾಕ್ಟರು ಮಾಡುವುದನ್ನೆಲ್ಲ ಮಾಡಿದರು, ಕೂಸಿಗೆ ಉಸಿರೇ ಸರಿಯಾಗಿ ಹತ್ತಲಿಲ್ಲವಂತೆ. ನಮ್ಮ ಮನೆಯವರಿಗೆ ಪೇಢಿಗೆ ಫೋನು ಹೋಗಿ ಅವರು ಓಡಿ ಬಂದದ್ದು, ಕೂಸು ಹೋದದ್ದು, ಅವರು ಮತ್ತು ಅವರ ಕಾಕಾ ಅದನ್ನು ಮಣ್ಣು ಮಾಡಿ ಬಂದದ್ದು, ಯಾವುದೂ ನನಗೆ ಗೊತ್ತಿಲ್ಲ. ಮಂಪರು ಇಳಿದು ಕಣ್ಣು ಬಿಟ್ಟಾಗ ಅವರು ಮಂಚದ ಹತ್ತಿರ ನಿಂತಿದ್ದರು. ಸ್ನಾನ ಮಾಡಿ ಬಂದಿದ್ದರು, ಕೂದಲಿನಿಂದ ನೀರು ಇಳಿಯುತ್ತಿತ್ತು. ಹೆಣ್ಣಿತ್ತು ಅಂದರು. ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದರು.

ಮನೆಗೆ ಬಂದ ಮೇಲೆ ಯಾರೂ ಆ ಸುದ್ದಿ ತೆಗೆಯಲಿಲ್ಲ. ನಮ್ಮ ಅತ್ತೆಯ ಮನೆತನದಲ್ಲಿ ಅದು ಪದ್ಧತಿ. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಹೋದ ಕೂಸಿಗೆ ಅಳುವುದಿಲ್ಲ, ಅದರ ಮಾತು ಆಡುವುದಿಲ್ಲ. ನಾನು ಒಮ್ಮೆ ಅಡುಗೆಮನೆಯಲ್ಲಿ ಕಣ್ಣೀರು ಹಾಕುತ್ತ ನಿಂತಾಗ ಅತ್ತೆಯವರು ಬಂದು ಬೆನ್ನ ಮೇಲೆ ಕೈ ಇಟ್ಟರು.

"ತೊಟ್ಟಲಾ ಕಾಣಲಾರದ ಕೂಸಿನ ಸುದ್ದಿ ತಗೀಬಾರದವಾ. ಇನ್ನೊಂದಕ್ಕ ಒಳ್ಳೇದಲ್ಲ."

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವರೂ ಅಂಥವನ್ನು ಕಳೆದುಕೊಂಡವರೇ, ಬಾಯಿ ಮುಚ್ಚಿಕೊಂಡೇ ಬದುಕಿದವರು. ಆದರೆ ನನಗೆ ಬೇಕಾದದ್ದು ಇನ್ನೊಂದು ಕೂಸಲ್ಲ. ಇದು ಹೇಗಿತ್ತು ಎಂದು ತಿಳಿಯಬೇಕಿತ್ತು, ಅಷ್ಟೇ. ಬೆಳ್ಳಗಿತ್ತೋ ಕಪ್ಪಗಿತ್ತೋ, ಯಾರ ಹಾಗೆ ಇತ್ತು? ಕಾಕಾ ನೋಡಿದ್ದು ಸುತ್ತಿದ ಬಟ್ಟೆಯನ್ನಷ್ಟೇ. ಮುಖ ನೋಡಿದವರು, ಎತ್ತಿಕೊಂಡವರು, ನಮ್ಮ ಪೈಕಿ ಒಬ್ಬರೇ, ನಮ್ಮ ಮನೆಯವರು. ಧೈರ್ಯ ಮಾಡಿ ಅವರನ್ನು ಕೇಳಿದೆ. ಆವತ್ತು ಅಮಾವಾಸ್ಯೆ, ಪೇಟೆಯೆಲ್ಲ ಬಂದ್. ಆದರೂ ಚಪ್ಪಲಿ ಮೆಟ್ಟಿಕೊಂಡು ಪೇಢಿಗೆ ಹೋಗಿ ಬೀಗ ತೆಗೆದು ಒಳಗೆ ಕುಳಿತರು. ಮತ್ತೆ ನಾನು ಕೇಳಲಿಲ್ಲ.

ಚಿತ್ರ ಶುರುವಾದದ್ದು ಆಗ. ಪೇಢಿಯ ಹಳೆಯ ಗೋಣಿಚೀಲ ಒಂದನ್ನು ಬಿಚ್ಚಿ, ತೊಳೆದು, ಪ್ಲೈವುಡ್ಡಿನ ಹಲಗೆಗೆ ಅಂಟಿಸಿದೆ. ಬಡಿಗೇರರು ಬಳಸುವ ಬಿಳಿ ಅಂಟನ್ನು ಮೇಲೆ ಬಳಿದು ಒಣಗಿಸಿದೆ. ಕೂಸಿನ ಚಿತ್ರ ಬಿಡಿಸಬೇಕು ಎಂದೇ ಕುಳಿತಿದ್ದೆ. ಪೆನ್ಸಿಲ್ ಹಿಡಿದವಳು ಹಿಡಿದೇ ಕುಳಿತೆ. ಹೂಜಿಯನ್ನಾದರೆ ಕಣ್ಣು ಮುಚ್ಚಿ ಬಿಡಿಸಬಲ್ಲೆ, ಹೊಟ್ಟೆಯಲ್ಲಿ ಹೊತ್ತ ಕೂಸಿನ ಮುಖ ನನಗೆ ಗೊತ್ತಿಲ್ಲ. ಬೇರೆ ಯಾರದೋ ಕೂಸಿನ ಮುಖ ನೋಡಿ ಬಿಡಿಸಲು ಮನಸ್ಸು ಒಪ್ಪಲಿಲ್ಲ. ಪೆನ್ಸಿಲ್ ಒಗೆದು ಕಪ್ಪು ಬಣ್ಣದ ಬಾಟಲಿ ತೆಗೆದು ಇಡೀ ಹಲಗೆಗೆ ಬಳಿದುಬಿಟ್ಟೆ. ಇಂಥ ಚಿತ್ರಗಳಿಗೆ ದೊಡ್ಡ ದೊಡ್ಡ ಹೆಸರುಗಳಿವೆ ಎಂದು ನಾನೂ ಓದಿದ್ದೇನೆ. ನನ್ನದು ಹೆಸರಿಗಾಗಿ ಮಾಡಿದ್ದಲ್ಲ, ಬಿಡಿಸಲು ಏನೂ ಇಲ್ಲದೆ ಮಾಡಿದ್ದು.

ಆಮೇಲೆ ಅದೇ ಒಂದು ಚಾಳಿಯಾಯಿತು. ಶಾಲೆಯಿಂದ ಬಂದು, ಅಡುಗೆಗೆ ಇನ್ನೂ ಹೊತ್ತಿದೆ ಅನ್ನುವಾಗ ಹಲಗೆ ತೆಗೆಯುತ್ತಿದ್ದೆ. ಕಪ್ಪಿನ ಮೇಲೆ ತುಕ್ಕಿನ ಕೆಂಪು. ಅದು ಸಿಟ್ಟು. ಕಿಟಕಿಯ ಕಡೆ ತಿರುಗಿದ ಗಂಡನ ಮೇಲೆ, ತೊಟ್ಟಿಲ ಮಾತಾಡಿದ ಅತ್ತೆಯವರ ಮೇಲೆ, ಸಮಡೋಳಿಯಿಂದ ಬಂದು ನೀನು ಪುಣ್ಯವಂತೆ, ಮೊದಲನೆಯದು ಗಂಡಾಗಿದೆಯಲ್ಲ ಎಂದು ಸಮಾಧಾನ ಹೇಳಿಹೋದ ನಮ್ಮ ಚಿಕ್ಕಮ್ಮ ಮಾವಶಿಯ ಮೇಲೆ. ಅದು ಒಣಗಿದ ಮೇಲೆ ಮುರಿದ ಬಾಚಣಿಗೆಯಿಂದ ಕೆರೆಯುತ್ತಿದ್ದೆ, ಗೀರಿನಲ್ಲಿ ಕೆಳಗಿನ ಕಪ್ಪು ಕಾಣುತ್ತಿತ್ತು. ಕೆಲವು ದಿನ ಅದನ್ನು ನೋಡಲಾರದೆ ಮೇಲೆ ಮತ್ತೆ ಬಳಿಯುತ್ತಿದ್ದೆ. ಬರಬರುತ್ತ ಸಿಟ್ಟು ಇಳಿಯಿತು. ಸಮಾಧಾನವಾಯಿತು ಎಂದಲ್ಲ, ಸಾಕಾಯಿತು. ಆಗ ಬೂದಿ ಬಣ್ಣ ಹಚ್ಚಿದೆ. ಬೂದಿಯ ಮೇಲೆ ಬೂದಿ, ಅದರ ಮೇಲೂ ಬೂದಿ. ದಣಿದವಳ ಕೈಗೆ ಬೇರೆ ಬಣ್ಣ ಬರುವುದೇ ಇಲ್ಲ. ನಮ್ಮ ಮನೆಯವರು ಊಟಕ್ಕೆ ಬಂದಾಗ ಗೋಡೆಗೆ ಆನಿಸಿದ ಹಲಗೆಯ ಮುಂದೆ ಒಂದು ಕ್ಷಣ ನಿಲ್ಲುತ್ತಿದ್ದರು. ಏನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಒದರಾಡಿಬಿಡುತ್ತಿದ್ದೆನೋ ಏನೋ.

ಅಷ್ಟರಲ್ಲಿ ಊರು ಬೆಳೆಯತೊಡಗಿತ್ತು. ಸಾಂಗ್ಲಿಯಿಂದ ಮಿರಜಕ್ಕೆ ಹೋಗುವ ದಾರಿಯಲ್ಲಿ ಮೊದಲು ಹೊಲಗಳು ಕಾಣುತ್ತಿದ್ದವು. ನೋಡನೋಡುತ್ತ ಮೋಟರ್ ಸೈಕಲ್ಲಿನ ಶೋರೂಮು, ಕಂಪ್ಯೂಟರ್ ಕ್ಲಾಸು, ಮಂಗಲ ಕಾರ್ಯಾಲಯ, ಮೇಲೆ ಮೇಲೆ ಏಳುವ ಅಪಾರ್ಟ್‌ಮೆಂಟು. ಎರಡೂ ಊರು ಸೇರಿ ಒಂದೇ ಮಹಾನಗರಪಾಲಿಕೆಯಾಯಿತು, ಎಲ್ಲಿ ಸಾಂಗ್ಲಿ ಮುಗಿಯಿತು, ಎಲ್ಲಿ ಮಿರಜ ಶುರುವಾಯಿತು ಎಂದು ಬಸ್ಸಿನಲ್ಲಿ ಕುಳಿತವರಿಗೆ ತಿಳಿಯದಾಯಿತು. ಪೇಟೆಯ ವ್ಯಾಪಾರಸ್ಥರೆಲ್ಲ ಆ ದಾರಿಯಲ್ಲಿ ಫ್ಲ್ಯಾಟು ಹಿಡಿಯುತ್ತಿದ್ದರು, ನಾವೂ ಹಿಡಿದೆವು. ಹೊಸ ಟೈಲ್ಸು, ಬೆಳ್ಳನೆಯ ಬಟನ್ನು, ಹಾಲ್‌ಗೆ ಪಡುವಣ ದಿಕ್ಕಿಗೆ ಬಾಲ್ಕನಿ. ಅತ್ತೆಯವರಿಗೆ ಸಂಭ್ರಮವೋ ಸಂಭ್ರಮ. ನನಗೆ ಮಾತ್ರ ಸಾಮಾನು ಕಟ್ಟಿ ಕಟ್ಟಿ ಸೊಂಟ ಬಿದ್ದುಹೋಗಿತ್ತು.

ಸಾಮಾನಿನ ಜೊತೆ ಹಲಗೆಯೂ ಬಂತು. ಗೃಹಪ್ರವೇಶಕ್ಕೆ ಮೊದಲು ಅತ್ತೆಯವರ ಕಣ್ಣು ಅದರ ಮೇಲೆ ಬಿತ್ತು. ಸೊಸೆ ಚಿತ್ರಕಲೆಯ ಶಿಕ್ಷಕಿ, ಹಾಲ್‌ನಲ್ಲಿ ಅವಳ ಕೈಯ ಚಿತ್ರವಿದ್ದರೆ ಚೆನ್ನ ಎಂದು ಅವರಿಗೂ ಆಸೆ. ಆದರೆ ಹೊಸ ಮನೆಯಲ್ಲಿ ಕರಿದು, ಬೂದಿ ಬೇಡ, ಇದಕ್ಕೆ ಒಂದಿಷ್ಟು ಹಳದಿ ಹಚ್ಚು ಅಂದರು. ಜಗಳ ಮಾಡಬಹುದಿತ್ತು. ಜಗಳಕ್ಕೆ ಬೇಕಾದ ಶಕ್ತಿ ನನ್ನಲ್ಲಿ ಇರಲಿಲ್ಲ. ಇಷ್ಟು ವರ್ಷ ಎಲ್ಲರೂ ಮುಚ್ಚಿದ್ದಾರೆ, ನಾನೂ ಮುಚ್ಚಿಬಿಡುತ್ತೇನೆ ಅನ್ನಿಸಿತು. ಹಳದಿಗೆ ಅಂಗಡಿಗೇಕೆ ಹೋಗಲಿ? ಮನೆಯಲ್ಲೇ ರಾಶಿ ಬಿದ್ದಿದೆ. ಪೇಢಿಯಿಂದ ಒಳ್ಳೆಯ ಅರಿಷಿಣದ ಪುಡಿ ತರಿಸಿ, ಬಿಳಿ ಅಂಟಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಬೂದಿಯ ಮೇಲೆ ದಪ್ಪಗೆ ಪದರು ಪದರಾಗಿ ಮೆತ್ತಿದೆ. ಸುಣ್ಣ ತಾಗಿದರೆ ಅರಿಷಿಣ ಕೆಂಪಾಗುತ್ತದೆ, ಅದು ಎಲ್ಲ ಮನೆಯ ಹೆಂಗಸರಿಗೂ ಗೊತ್ತು. ಹಾಗಾಗಿ ಹೊಸ ಗೋಡೆಯ ಸುಣ್ಣ ತಾಗದಂತೆ ಹಲಗೆಯ ಹಿಂದೆ ಪ್ಲಾಸ್ಟಿಕ್ಕಿನ ಹಾಳೆಯನ್ನೂ ಹೊಡೆದೆ. ಬಲು ಜಾಣೆ ನಾನು! ಬಿಳಿ ಸೀರೆಗೆ ಅರಿಷಿಣದ ಕಲೆಯಾದರೆ ಸೋಪು ಹಚ್ಚಿ ಬಿಸಿಲಿಗೆ ಹಾಕುತ್ತೇವೆ, ಕಲೆ ತಾನೇ ಹೋಗುತ್ತದೆ. ವಾರಕ್ಕೊಮ್ಮೆ ಮಾಡುವ ಕೆಲಸ ಅದು. ಬಟ್ಟೆಗೆ ಗೊತ್ತಿದ್ದದ್ದು ಚಿತ್ರಕ್ಕೆ ಹೊಳೆಯಲೇ ಇಲ್ಲ.

ಅದನ್ನು ಎಲ್ಲಿ ತೂಗುಹಾಕುವುದು ಎಂಬ ಮಾತು ಬಂತು. ದೇವರ ಕೋಣೆಯ ಬಾಗಿಲ ಪಕ್ಕ ಎಂದು ಅತ್ತೆಯವರು, ಸೋಫಾದ ಮೇಲೆ ಎಂದು ನಾನು. ಎಂದೂ ಮನೆಯ ವಿಷಯಕ್ಕೆ ಬಾಯಿ ಹಾಕದ ನಮ್ಮ ಮನೆಯವರು ಮೊಳೆ, ಸುತ್ತಿಗೆ ಹಿಡಿದು ಬಂದು ಬಾಲ್ಕನಿಯ ಎದುರು ಗೋಡೆಗೆ ತಾವೇ ಹೊಡೆದರು. ಅಲ್ಲೇ ಯಾಕೆ ಅಂದರೆ, ಇಲ್ಲೇ ಇರಲಿ ಅಂದರು. ಗೃಹಪ್ರವೇಶಕ್ಕೆ ಬಂದವರೆಲ್ಲ ಎಂಥ ಶುಭದ ಬಣ್ಣ, ಹಾಲ್ ಬೆಳಗುತ್ತದೆ ಎಂದು ಹೊಗಳಿದರು. ನಾನು ಪಾಯಸ ಬಡಿಸುತ್ತ ಹೂಂ ಅಂದೆ.

ವರ್ಷಗಳು ಹೋದವು. ಸಂಜೆಯ ಬಿಸಿಲು ಬಾಲ್ಕನಿಯಿಂದ ನೇರ ಒಳಗೆ ಬಂದು ಸೋಫಾದ ಬಟ್ಟೆ ಮಾಸತೊಡಗಿತು. ಪ್ರತಿ ದೀಪಾವಳಿಗೂ ಅತ್ತೆಯವರು ಪರದೆ ಹಾಕಿಸು ಅನ್ನುವುದು, ನಮ್ಮ ಮನೆಯವರು ಬೆಳಕು ಬರಲಿ ಬಿಡು ಅನ್ನುವುದು. ಕೈ ಬಿಗಿ ಮನುಷ್ಯ, ಪರದೆಗೂ ಜಿಪುಣತನವೇ ಎಂದು ನಾನು ಗೊಣಗುತ್ತಿದ್ದೆ. ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನಾನು ಚಿತ್ರದ ಕಡೆ ನೋಡುತ್ತಲೇ ಇರಲಿಲ್ಲ. ಮಗ ಕಾಲೇಜಿಗೆ ಬಂದ, ಬಸ್ಸಿನಲ್ಲಿ ನಿಲ್ಲಲು ಜಾಗ ಇಲ್ಲದಾಯಿತು, ಹೂಜಿಯ ಜಾಗಕ್ಕೆ ಥರ್ಮಾಸ್ ಫ್ಲಾಸ್ಕು ಬಂತು, ನನ್ನ ಕಾಲು ಊದಿಕೊಳ್ಳತೊಡಗಿದವು.

ಮೊದಲು ಕಂಡದ್ದು ಅತ್ತೆಯವರಿಗೆ. ದಿನಾ ಬೆಳಿಗ್ಗೆ ಕಸ ಗುಡಿಸುವಾಗ ಆ ಗೋಡೆಯ ಬುಡದಲ್ಲಿ ಸಣ್ಣ ಪುಡಿ. ಹಳದಿಯೂ ಅಲ್ಲ, ಬಿಳಿಯೂ ಅಲ್ಲ, ಹಳೆಯ ಕಡಲೆಹಿಟ್ಟಿನ ಬಣ್ಣ. ಹುಳ ಹತ್ತಿರಬೇಕೆಂದು ಎಲ್ಲ ಕಡೆ ಡಾಂಬರು ಗುಳಿಗೆ ಇಟ್ಟರು. ಆಮೇಲೆ ಒಂದು ದಿನ ಚಿತ್ರದ ನಡುವೆ ಕಪ್ಪು ಮೂಡಿದ್ದು ಕಂಡು, ಗೋಡೆಗೆ ನೀರು ಇಳಿದಿದೆ ಎಂದು ಗಾಬರಿಯಾದರು. ಮೇಲಿನ ಮನೆಯವರ ಬಚ್ಚಲು ಸೋರುತ್ತಿದೆ ಎಂದು ಅವರ ಜೊತೆ ಮರಾಠಿಯಲ್ಲಿ ಒಂದು ಸುತ್ತು ಜಗಳವೂ ಆಯಿತು. ಪ್ಲಂಬರ್ ಬಂದು ಗೋಡೆ ಬಡಿದು, ಕಿವಿ ಇಟ್ಟು, ಒಣಗಿದೆ ಎಂದು ಹೇಳಿ ಹೋದ.

ಆಗ ನಾನು ಹತ್ತಿರ ನಿಂತು ನೋಡಿದೆ. ಬಿಸಿಲು ಬೀಳುವ ಕಡೆಯೆಲ್ಲ ಅರಿಷಿಣ ಬಣ್ಣ ಬಿಟ್ಟು, ಜೀವ ಹೋಗಿ, ಪುಡಿಯಾಗಿ ಉದುರಿತ್ತು. ಬೂದಿಯೂ ಅಲ್ಲಲ್ಲಿ ಅದರ ಜೊತೆ ಎದ್ದು ಬಂದಿತ್ತು. ಬಾಚಣಿಗೆಯ ಗೀರುಗಳು, ತುಕ್ಕಿನ ಕೆಂಪು, ಅದರ ಕೆಳಗಿನ ಕಪ್ಪು, ಎಲ್ಲ ಹಾಗೇ ಇದ್ದವು. ಇಷ್ಟು ಕಷ್ಟಪಟ್ಟು ಮುಚ್ಚಿದ್ದು ಹೀಗೆ ಹಾಲ್‌ನ ನಡುವೆ ಎದ್ದು ನಿಂತರೆ ಮತ್ತೆ ಮೊದಲಿನಿಂದ ಅದನ್ನೆಲ್ಲ ಹೊರುವ ಶಕ್ತಿ ನನಗಿಲ್ಲ ಅನ್ನಿಸಿತು. ಮರುದಿನವೇ ಪೇಟೆಗೆ ಹೋಗಿ, ಎಂದೂ ಮಾಸುವುದಿಲ್ಲ ಎಂದು ಅಂಗಡಿಯವನು ಹೇಳಿದ ಹಳದಿ ಬಣ್ಣದ ಡಬ್ಬಿ ತಂದೆ.

ರವಿವಾರ ಮಧ್ಯಾಹ್ನ. ಅತ್ತೆಯವರು ಒಳಗೆ ಅಡ್ಡಾಗಿದ್ದರು. ಚಿತ್ರ ಕೆಳಗಿಳಿಸಿ, ಹಳೆಯ ಪೇಪರು ಹಾಸಿ, ಡಬ್ಬಿಯ ಮುಚ್ಚಳ ತೆಗೆದೆ. ಪೇಢಿಯಿಂದ ಊಟಕ್ಕೆ ಬಂದ ನಮ್ಮ ಮನೆಯವರು ಬಾಗಿಲಲ್ಲೇ ನಿಂತರು.

"ಹಚ್ಚಬ್ಯಾಡ," ಅಂದರು.

ಕರಿದು ಕಾಣುತ್ತಿದೆ, ಅತ್ತೆಯವರು ಅಂಜುತ್ತಾರೆ ಎಂದು ನಾನು ಹೇಳಿದೆ.

"ಕಾಣಲಿ." ಚಪ್ಪಲಿ ಬಿಟ್ಟು ಬಂದು ನೆಲದ ಮೇಲೆ ನನ್ನ ಎದುರು ಕುಳಿತರು. "ಆ ಗ್ವಾಡಿಗೆ ಮೊಳಿ ನಾನಽ ಹೊಡದೇನಿ. ಬಿಸಲ ಎಲ್ಲಿ ಬೀಳತದ ನೋಡೇ ಹೊಡದೇನಿ. ಹಳದಿ ಬಿಸಲಿಗೆ ನಿಲ್ಲೂದಿಲ್ಲಂತ ನನಗ ಗೊತ್ತಿಲ್ಲೇನು?"

ಅರ್ಥವಾಗಲು ಒಂದಿಷ್ಟು ಹೊತ್ತು ಹಿಡಿಯಿತು. ಸ್ಯಾಂಪಲ್ಲಿನ ಡಬ್ಬಿ ಮುಚ್ಚಿಡುತ್ತಿದ್ದದ್ದು ಧೂಳಿಗಲ್ಲ. ಪರದೆ ಬೇಡ ಅಂದದ್ದು ಜಿಪುಣತನಕ್ಕಲ್ಲ. ನಾನು ಮುಚ್ಚಿದ ದಿನದಿಂದಲೂ, ಅದು ಮತ್ತೆ ತೆರೆಯಲಿ ಎಂದು ಈ ಮನುಷ್ಯ ಬಿಸಿಲಿನಲ್ಲಿ ಇಟ್ಟು ಕಾದಿದ್ದಾರೆ. ನನಗೆ ದುಃಖಕ್ಕಿಂತ ಮೊದಲು ಬಂದದ್ದು ಸಿಟ್ಟು.

"ಇಷ್ಟ ವರ್ಷ ಬಿಸಲ ಕಾಯ್ಕೋತ ಕುಂತಿರೇನು? ಬಾಯಿ ಇದ್ದಿಲ್ಲೇನ್ರಿ ನಿಮಗ?"

"ಇದ್ದಿಲ್ಲ," ಅಂದರು.

ಬ್ರಶ್ಶು ಕೆಳಗಿಟ್ಟೆ. ಅಮಾವಾಸ್ಯೆಯ ದಿನ ಕೇಳಿದ್ದನ್ನೇ ಮತ್ತೆ ಕೇಳಿದೆ, ಹೆಂಗಿತ್ತು ಅಂತ. ಈ ಸಲ ಎದ್ದು ಹೋಗಲಿಲ್ಲ. ಚಿತ್ರದ ಕಪ್ಪನ್ನು ನೋಡುತ್ತಲೇ ಹೇಳಿದರು.

"ತಲಿ ತುಂಬ ಕೂದಲಾ ಇತ್ತು. ಕರ್ರಗ, ಕಿವಿ ಮುಚ್ಚೂವಷ್ಟ. ಗದ್ದ ನಿನ್ನಂಗಽ. ನಾ ಪೇಢಿಯಿಂದ ಕೈ ತೊಳೀಲಾರದ ಓಡಿ ಬಂದಿದ್ನಿ. ಎತ್ತಿಕೊಂಡಾಗ ಅದರ ಹಣಿಗೆ ಅರಿಷಿಣ ಹತ್ತಿತು. ಒರಸಬೇಕಂದ್ನಿ, ಕೈ ಏಳಲಿಲ್ಲ. ಹಂಗಽ ಮಣ್ಣಾಗ ಇಟ್ಟ ಬಂದ್ನಿ."

ನಾನು ಅತ್ತುಬಿಟ್ಟೆ. ಗಟ್ಟಿಯಾಗಿ, ಅಕ್ಕಪಕ್ಕದ ಫ್ಲ್ಯಾಟಿನವರಿಗೆ ಕೇಳಿಸುವ ಹಾಗೆ. ಅವರೂ ಅತ್ತರು. ಅತ್ತೆಯವರು ಎದ್ದು ಬಂದು ಬಾಗಿಲ ಹತ್ತಿರ ನಿಂತದ್ದು, ನಮ್ಮಿಬ್ಬರನ್ನೂ ಆ ಹಲಗೆಯನ್ನೂ ನೋಡಿದ್ದು ನನಗೆ ಗೊತ್ತು. ಆಮೇಲೆ ಅವರೇ ಒಳಗೆ ಹೋಗಿ ಮೂರು ಜನಕ್ಕೆ ಚಹಾ ಇಟ್ಟರು.

ಚಿತ್ರ ಅದೇ ಮೊಳೆಗೆ ಮರಳಿತು. ಎಂದೂ ಮಾಸದ ಹಳದಿಯ ಡಬ್ಬಿ ಒಣಗಿ ಕಲ್ಲಾಗಿ ಅಟ್ಟದ ಮೇಲೆ ಎಲ್ಲೋ ಬಿದ್ದಿದೆ. ಮಾರನೆಯ ಸಂಜೆ ಪೇಢಿಯಿಂದ ಬಂದ ನಮ್ಮ ಮನೆಯವರು ನೇರ ಚಿತ್ರದ ಹತ್ತಿರ ಹೋಗಿ, ಕಪ್ಪಿನ ನಡುವೆ ಹೆಬ್ಬೆಟ್ಟು ಒತ್ತಿದರು. ಹಳದಿ ಗುರುತು ಮೂಡಿತು. ಬಿಸಿಲಿಗೆ ಅದೂ ನಿಲ್ಲುವುದಿಲ್ಲ, ಕೆಲವು ದಿನಕ್ಕೆ ಮಾಸುತ್ತದೆ. ಮಾಸಿದಾಗ ಅವರು ಪೇಢಿಯಿಂದ ಬಂದು ಚಪ್ಪಲಿ ಬಿಟ್ಟು ಮತ್ತೆ ಅಲ್ಲಿಗೇ ಹೋಗುತ್ತಾರೆ. ಅತ್ತೆಯವರಿಗೆ ಈಗ ಕಣ್ಣು ಮಂದ, ಆದರೂ ಮಂಚದ ಮೇಲಿಂದ ನೋಡುತ್ತಿರುತ್ತಾರೆ. ಮೊದಲು ಕೈ ತೊಳಿ ಎಂದು ಅವರು ಆಗ ಮಾತ್ರ ಅನ್ನುವುದಿಲ್ಲ.